ಗೊಬ್ಬರ ಬೇಡದ ಗುಡ್ಡ

ನ್ಯೂಯಾರ್ಕ್ ಬಳಿಯ ಜೆರಿಕೋದ ನಮ್ಮ ಹಿತ್ತಲಲ್ಲಿ ಎಷ್ಟು ಅಗೆದರೂ ಮರಳು, ಗುಂಡುಕಲ್ಲು. ಹಿಮನದಿ ತಂದು ಸುರಿದ ನೆಲ ಇದು. ತಾಯಿಬಂಡೆ ನೂರಾರು ಅಡಿ ಕೆಳಗಿದೆ. ಬಂಡೆಗೂ ಗಿಡಕ್ಕೂ ಇರುವ ನಂಟನ್ನು ನಾನು ಕಲಿತದ್ದು ಸ್ಟ್ಯಾಟನ್ ಐಲೆಂಡಿನ ಟೋಟ್ ಹಿಲ್ ಸುತ್ತಮುತ್ತ, ಆಮೇಲೆ ನ್ಯೂಜೆರ್ಸಿಯ ವಾಚಂಗ್ ಬೆಟ್ಟಗಳಲ್ಲಿ.

ಟೋಟ್ ಹಿಲ್‌ನ ಹಸಿರು ಛಾಯೆಯ ಕಲ್ಲು ಸರ್ಪೆಂಟೈನ್. ಅದರ ಮಣ್ಣಿನಲ್ಲಿ ಮೆಗ್ನೀಸಿಯಂ ವಿಪರೀತ, ಕ್ಯಾಲ್ಸಿಯಂ ಕಡಿಮೆ. ನಿಕಲ್, ಕ್ರೋಮಿಯಂ ಹೆಚ್ಚು. ಸಾರಜನಕ, ರಂಜಕ ತೀರಾ ಅಲ್ಪ. ಹಾಸನ ಜಿಲ್ಲೆಯ ಭೈರಾಪುರದಲ್ಲಿ ಕ್ರೋಮೈಟ್ ಗಣಿ ತೋಡಿದ್ದೂ ಇದೇ ಕುಲದ ಬಂಡೆಯಲ್ಲಿ. ಸಾಮಾನ್ಯ ಮರಗಳು ಇಲ್ಲಿ ಸೊರಗುತ್ತವೆ; ಲಿಟಲ್ ಬ್ಲೂಸ್ಟೆಮ್ ಹುಲ್ಲಿಗೆ ಜಾಗ ಸಿಗುತ್ತದೆ. ನಮ್ಮ ಎಕ್ಕದ ಬಳಗಕ್ಕೆ ಸೇರಿದ, ಹಸಿರು ಹೂವಿನ ಮಿಲ್ಕ್‌ವೀಡ್ ಕೂಡ ಈ ದ್ವೀಪದ ಇಂಥ ನೆಲದ್ದೇ. ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್ ಕಟ್ಟಿದ ನಥಾನಿಯೆಲ್ ಬ್ರಿಟನ್ ಹುಟ್ಟಿದ್ದು ಈ ದ್ವೀಪದಲ್ಲಿ; 1879ರಲ್ಲೇ ಆರ್ಥರ್ ಹಾಲಿಕ್ ಜೊತೆ ಸೇರಿ ಇಲ್ಲಿನ ಸಸ್ಯಗಳ ಪಟ್ಟಿ ಪ್ರಕಟಿಸಿದರು. ಅವರು ಓಡಾಡಿದ ಬಯಲುಗಳಲ್ಲಿ ಈಗ ಉಳಿದಿರುವುದು ಚೂರುಪಾರು ಮಾತ್ರ.

ವಾಚಂಗ್ ಬೆಟ್ಟ ಬಸಾಲ್ಟ್. ಸುಮಾರು 20 ಕೋಟಿ ವರ್ಷಗಳ ಹಿಂದೆ ಪಾಂಜಿಯಾ ಮಹಾಖಂಡ ಒಡೆಯುವಾಗ ಹರಿದ ಲಾವಾ. ಬಸಾಲ್ಟ್ ಸತ್ವವಿಲ್ಲದ ಕಲ್ಲಲ್ಲ. ವಿಜಯಪುರದ ಎರೆಭೂಮಿ, ಅಲ್ಲಿನ ಬಿಳಿಜೋಳ ಎಲ್ಲ ಅದರ ಕೊಡುಗೆ. ಆದರೆ ಕಡಿದಾದ ಬಂಡೆಯ ಮೇಲೆ ಮಣ್ಣು ನಿಲ್ಲದು, ನೀರು ನಿಲ್ಲದು. ಬಿಸಿಲಿಗೆ ಮುಖ ಮಾಡಿದ ಅಂಚುಗಳ ಬಿರುಕಿನಲ್ಲಿ ರೆಡ್ ಸೀಡರ್ ಬೇರೂರಿದೆ, ಪಕ್ಕದಲ್ಲಿ ಅದೇ ಬ್ಲೂಸ್ಟೆಮ್ ಹುಲ್ಲು. ನೋಟಕ್ಕೆ ಎರಡೂ ಗುಡ್ಡ ಒಂದೇ ಥರ ಬೋಳು. ಒಂದರಲ್ಲಿ ಮಣ್ಣಿನ ಗುಣ ಮರಗಳನ್ನು ದೂರವಿಟ್ಟಿದೆ, ಇನ್ನೊಂದರಲ್ಲಿ ಬಾಯಾರಿಕೆ. ಇದು ತಿಳಿದ ಮೇಲೆ ನಾನು ಯಾವ ಗುಡ್ಡಕ್ಕೆ ಹೋದರೂ ಮೊದಲು ಕಲ್ಲು ನೋಡುತ್ತೇನೆ, ಆಮೇಲೆ ಗಿಡ.

ಸರ್ಪೆಂಟೈನ್ ನೆಲಕ್ಕೆ ಬಡತನವೇ ಬೇಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಬಳಿಯ ಸರ್ಪೆಂಟೈನ್ ಹುಲ್ಲುಗಾವಲಿನಲ್ಲಿ ವಾಹನಗಳ ಹೊಗೆಯಿಂದ ಬಿದ್ದ ಸಾರಜನಕವೇ ಗೊಬ್ಬರವಾಗಿ, ಹೊರಗಿನ ಹುಲ್ಲು ನುಗ್ಗಿ, ಚಿಟ್ಟೆಮರಿಗಳು ತಿನ್ನುವ ಸ್ಥಳೀಯ ಗಿಡಗಳನ್ನೇ ಮುಚ್ಚಿಹಾಕಿತು ಎಂದು ಸಂಶೋಧಕ ಸ್ಟುವರ್ಟ್ ವೈಸ್ 1999ರಲ್ಲಿ ತೋರಿಸಿದರು. ಅಲ್ಲಿ ದನ ಮೇಯಿಸಿದ ಕಡೆ ಮಾತ್ರ ಆ ಗಿಡಗಳು ಉಳಿದಿದ್ದವು.

ವನಮಹೋತ್ಸವಕ್ಕೆ ಸಸಿ ಹಿಡಿದು ಹೊರಡುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಬೋಳುಗುಡ್ಡ ಕಂಡ ಕೂಡಲೇ ಗುಂಡಿ ತೋಡಬೇಡಿ, ಗೊಬ್ಬರ ಸುರಿಯಬೇಡಿ. ಅಲ್ಲಿನ ಕಲ್ಲು ಯಾವುದು, ಹುಲ್ಲು ಯಾವುದು ಎಂದು ಬಲ್ಲವರನ್ನು ಕೇಳಿ. ಮರಕ್ಕೆ ಬೇರೆ ಜಾಗ ಸಿಗುತ್ತದೆ; ಆ ಹುಲ್ಲಿಗೆ ಸಿಗುವುದಿಲ್ಲ.