ಹಾಸಿಗೆಯನ್ನು ಬಿಡದ ಹಾಸುಬಟ್ಟೆ

ಗೃಹಕೃತ್ಯದಲ್ಲಿ ಪ್ರತಿದಿನವೂ ಮಾಡಿ ಪ್ರತಿದಿನವೂ ಕೆಡುವ ಕೆಲಸಗಳು ಕೆಲವುಂಟು. ಹಾಸಿಗೆಯ ಮೇಲೆ ಬಟ್ಟೆ ಹಾಸುವುದು ಅವುಗಳಲ್ಲೊಂದು. ಸಾಯಂಕಾಲ ಒಂದು ಸುಕ್ಕೂ ಇಲ್ಲದೆ ಹಾಸಿದ ಬಟ್ಟೆಯು ಬೆಳಗಾಗುವಷ್ಟರಲ್ಲಿ ಮಲಗಿದವರ ಬೆನ್ನಿನ ಕೆಳಗೆ ಹಗ್ಗದಂತೆ ಸುರುಳಿಗೊಂಡಿರುತ್ತದೆ. ಒಂದೆರಡು ಮೂಲೆಗಳಲ್ಲಿ ಹಾಸಿಗೆಯೇ ಬರಿದಾಗಿ ಕಾಣುತ್ತದೆ. ನಿದ್ರೆಯಲ್ಲಿ ಹೊರಳಾಡುವ ಮಕ್ಕಳನ್ನು ಗದರಿಸುವುದರಿಂದ ಇದು ಸರಿಹೋಗದು. ನಿದ್ರಿಸುವವರು ಹೊರಳಿಯೇ ಹೊರಳುವರು. ತಪ್ಪು ಮಲಗಿದವರದಲ್ಲ, ಬಟ್ಟೆಯ ಅಳತೆಯದು.

ಇದೊಂದು ಅಲ್ಪ ವಿಷಯವೆಂದು ಯಾರೂ ಎಣಿಸಬಾರದು. ಬಹುದಿನ ಹಾಸಿಗೆ ಹಿಡಿದ ರೋಗಿಯ ಮೈಕೆಳಗೆ ಬಟ್ಟೆಯು ಸುಕ್ಕುಗಟ್ಟಿ ತೇವವಾಗಿ ನಿಂತರೆ, ಚರ್ಮವು ಉಜ್ಜಿ ಕೆಂಪಾಗಿ ಹುಣ್ಣಾಗುವುದಕ್ಕೆ ಅದೂ ಒಂದು ಕಾರಣವಾಗುತ್ತದೆ. ಹಸುಳೆಯ ಹಾಸಿಗೆಯಿಂದ ಬಿಡಿಸಿಕೊಂಡ ಬಟ್ಟೆಯು ಅದರ ಮೂಗುಬಾಯಿಗಳನ್ನು ಮುಚ್ಚಿದರೆ ಪ್ರಾಣಕ್ಕೇ ಅಪಾಯ. ಮಂಚದಿಂದ ನೆಲಕ್ಕೆ ಜೋಲುವ ಬಟ್ಟೆಯಲ್ಲಿ ಕಾಲು ಸಿಕ್ಕಿ ವೃದ್ಧರು ಬೀಳುವುದೂ ಉಂಟು. ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು ೧೮೫೯ರಲ್ಲಿ ರೋಗಿಶುಶ್ರೂಷೆಯ ವಿಷಯವಾಗಿ ಬರೆದ ಪ್ರಸಿದ್ಧ ಗ್ರಂಥದಲ್ಲಿ ಮಂಚ ಮತ್ತು ಹಾಸಿಗೆಗಾಗಿಯೇ ಒಂದು ಅಧ್ಯಾಯವನ್ನು ಮೀಸಲಾಗಿಟ್ಟುದು ಸುಮ್ಮನೆ ಅಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು, ದಾದಿಯರು, ಶಿಕ್ಷಕಿಯರು ಆಗಿದ್ದಾರೆ. ಹೊಲಿಗೆಯ ತರಗತಿಯಲ್ಲಿ ಕಲಿತ ವಿದ್ಯೆಯನ್ನು ಈ ಒಂದು ಕೆಲಸಕ್ಕೆ ಹೇಗೆ ಉಪಯೋಗಿಸಬಹುದೆಂಬುದನ್ನು ಅವರ ಮುಂದೆ ಇಡುವುದು ಈ ಪಾಠದ ಉದ್ದೇಶ.

ಬಟ್ಟೆ ಏಕೆ ಜಾರುತ್ತದೆ?

ಮಂಚದ ಮೇಲೆ ಒಬ್ಬರು ಕುಳಿತಾಗ ಏನಾಗುತ್ತದೆಂಬುದನ್ನು ಗಮನಿಸಿರಿ. ಹಾಸಿಗೆಯ ನಡುವು ಕುಸಿಯುತ್ತದೆ; ಅಂಚುಗಳು ಒಳಕ್ಕೆ ವಾಲಿ ಮೇಲೆ ಏಳುತ್ತವೆ; ಮೇಲಿನ ಬಟ್ಟೆಯು ನಡುವಿನ ಕಡೆಗೆ ಎಳೆಯಲ್ಪಡುತ್ತದೆ. ಮಲಗಿದವರು ಹೊರಳಿದಾಗ ಈ ಎಳೆತವು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹೋಗುತ್ತದೆ. ನೂಲಿನ ನೇರಕ್ಕೆ ಎಳೆದರೆ ಹೆಚ್ಚು ಹಿಗ್ಗದ ನೆಯ್ಗೆಯು ಓರೆಯಾಗಿ ಎಳೆದರೆ ಬಹಳ ಹಿಗ್ಗುತ್ತದೆಂಬುದನ್ನು ಹೊಲಿಗೆ ಬಲ್ಲವರೆಲ್ಲರೂ ಬಲ್ಲರು. ಆದುದರಿಂದ ಮೊದಲು ಸೋಲುವುದು ಯಾವಾಗಲೂ ಮೂಲೆಯೇ. ಒಂದು ಮೂಲೆ ಕಳಚಿತೆಂದರೆ ಮಿಕ್ಕ ಮೂರಕ್ಕೂ ಬಿಗಿ ತಪ್ಪುತ್ತದೆ.

ಹೀಗಿರಲು, ಬಟ್ಟೆಯನ್ನು ಮೇಲ್ಗಡೆ ಎಷ್ಟು ಬಿಗಿಯಾಗಿ ಎಳೆದರೂ ಪ್ರಯೋಜನವಿಲ್ಲ. ಹಾಸಿಗೆಯ ಪಕ್ಕವನ್ನು ಮಾತ್ರ ಮುಚ್ಚುವ ಬಟ್ಟೆಗೆ ಹಿಡಿತವೆಂಬುದೇ ಇಲ್ಲ. ಹಾಸಿಗೆಯ ಕೆಳಮೈಗೆ ತಿರುಗಿ ಒಳಸೇರಿದ ಬಟ್ಟೆಗಾದರೋ ಹಾಸಿಗೆಯ ಭಾರವೂ ಮಲಗಿದವರ ಭಾರವೂ ಬೀಗದಂತೆ ಸಹಾಯ ಮಾಡುತ್ತವೆ. ಈ ಪಾಠದ ಸಾರವೆಲ್ಲಾ ಇಷ್ಟೇ: ಹಿಡಿತವಿರುವುದು ಮೇಲಲ್ಲ, ಕೆಳಗೆ.

ಆಸ್ಪತ್ರೆಗಳಲ್ಲಿ ದಾದಿಯರು ಬಟ್ಟೆಯ ಮೂಲೆಯನ್ನು ಲಕೋಟೆಯಂತೆ ಓರೆಯಾಗಿ ಮಡಿಸಿ ಹಾಸಿಗೆಯ ಕೆಳಗೆ ಸೇರಿಸುವ ಕ್ರಮವು ಇದೇ ತತ್ತ್ವದ ಮೇಲೆ ನಿಂತಿದೆ. ಪೇಟೆಯಲ್ಲಿ ಫಿಟೆಡ್ ಶೀಟ್ ಎಂದು ಕರೆಯುವ ಬಟ್ಟೆಯು ಆ ಮಡಿಕೆಯನ್ನೇ ಒಂದು ಸಲ ಹೊಲಿದು ಶಾಶ್ವತ ಮಾಡಿದುದು. ನಾವು ಅದನ್ನು ಅಳತೆಯ ಹಾಸುಬಟ್ಟೆಯೆಂದು ಕರೆಯೋಣ. ಇದಕ್ಕೆ ಬೇಕಾದ ಸಾಮಗ್ರಿಗಳು ಒಂದೊಂದಾಗಿ ಒದಗಿ ಬಂದವು. ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕನು ೧೮೨೦ರಲ್ಲಿ ರಬ್ಬರಿನ ಹಿಗ್ಗುವ ಪಟ್ಟಿಗಳನ್ನು ಉಡುಪಿಗೆ ಅಳವಡಿಸಿ ಪೇಟೆಂಟು ಪಡೆದನು. ಬಿಸಿಲಿಗೆ ಅಂಟಾಗಿ ಚಳಿಗೆ ಬಿರುಸಾಗುತ್ತಿದ್ದ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ಕ್ರಮಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರನು ೧೮೪೪ರಲ್ಲಿ ಪೇಟೆಂಟು ಪಡೆದನು. ಹತ್ತಿಯ ಬಟ್ಟೆಯನ್ನು ಗಿರಣಿಯಲ್ಲೇ ಮೊದಲು ಕುಗ್ಗಿಸುವ ಯಂತ್ರಕ್ರಮಕ್ಕೆ ಸ್ಯಾನ್‌ಫರ್ಡ್ ಕ್ಲೂಯೆಟ್ಟನು ೧೯೩೦ರಲ್ಲಿ ಪೇಟೆಂಟು ಪಡೆದನು. ಅಳತೆಯ ಹಾಸುಬಟ್ಟೆಯೊಂದರ ರಚನೆಗಾಗಿ ಅಮೆರಿಕದಲ್ಲಿ ೧೯೫೯ರಲ್ಲಿ ಪೇಟೆಂಟು ಪಡೆದಾಕೆ ಬರ್ಥಾ ಬರ್ಮನ್ ಎಂಬ ಮಹಿಳೆ. ಪ್ರತಿದಿನ ಮನೆಯಲ್ಲಿ ನಡೆಯುವ ಕೆಲಸವನ್ನು ಕಣ್ಣಿಟ್ಟು ನೋಡಿದವರಿಗೆ ಅದರಲ್ಲಿಯೂ ನೂತನ ಕಲ್ಪನೆಗೆ ಅವಕಾಶವುಂಟೆಂಬುದಕ್ಕೆ ಇದೊಂದು ನಿದರ್ಶನ.

ಬಟ್ಟೆಯನ್ನು ಸಿದ್ಧಪಡಿಸುವುದು

ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಬಟ್ಟೆಯನ್ನು ನೀರಿಗೆ ಹಾಕತಕ್ಕದ್ದು. ಮೊದಲೇ ಕುಗ್ಗಿಸದ ಹತ್ತಿಯ ಬಟ್ಟೆಯು ಒಗೆತದಲ್ಲಿ ನೂರಕ್ಕೆ ಐದರಷ್ಟು ಕುಗ್ಗುವುದು ಅಪೂರ್ವವಲ್ಲ. ೭೨ ಅಂಗುಲಕ್ಕೆ ಇದು ಮೂರೂವರೆ ಅಂಗುಲಕ್ಕಿಂತಲೂ ಹೆಚ್ಚಾಯಿತು. ಸಾದಾ ದುಪ್ಪಟಿಯಾದರೆ ಈ ನಷ್ಟವು ಒಳಸೇರಿಸುವ ಭಾಗದಲ್ಲಿ ಕಳೆದುಹೋಗುತ್ತದೆ. ಮೂಲೆ ಹೊಲಿದ ಬಟ್ಟೆಗಾದರೋ ಆ ಸೌಕರ್ಯವಿಲ್ಲ. ಅದರ ಮೂಲೆಗಳು ಒಂದೇ ಸ್ಥಳದಲ್ಲಿ ನಿಂತುಬಿಟ್ಟಿರುತ್ತವೆ. ಆಗ ಒಂದೋ ಹಾಸಿಗೆಯೇ ಬಿಲ್ಲಿನಂತೆ ಬಾಗಬೇಕು, ಇಲ್ಲವೇ ಮೂಲೆ ಕಳಚಬೇಕು. ಕೊಂಡ ವಾರದಲ್ಲಿ ಚೆನ್ನಾಗಿದ್ದ ಬಟ್ಟೆಯು ಮೊದಲ ಒಗೆತದ ತರುವಾಯ ನಿಲ್ಲದಿರುವುದಕ್ಕೆ ಇದೇ ಕಾರಣ. ಕೈಮಗ್ಗದ ಬಟ್ಟೆಯನ್ನಂತೂ ಎರಡು ಸಲ ಒಗೆದು ಒಣಗಿಸಿಯೇ ಅಳೆಯತಕ್ಕದ್ದು.

ಹಾಸಿಗೆಯನ್ನು ಅಳೆಯುವುದು

ನಮ್ಮ ಮನೆಗಳಲ್ಲಿ ಹತ್ತಿಯ ಹಾಸಿಗೆ, ಬೂರುಗದ ಹಾಸಿಗೆ, ತೆಂಗಿನ ನಾರಿನ ಹಾಸಿಗೆ, ಫೋಮಿನ ಹಾಸಿಗೆ ಎಲ್ಲವೂ ಉಂಟು. ಹೊಸದಾಗಿ ಹಿಂಜಿ ತುಂಬಿದ ಹತ್ತಿಯ ಹಾಸಿಗೆಯು ಮೊದಲು ಉಬ್ಬಿದ್ದು ಕೆಲವು ವಾರಗಳಲ್ಲಿ ಅಮರುತ್ತದೆ. ಅದು ಅಮರಿದ ಮೇಲೆ ಅಳೆಯುವುದು ಲೇಸು. ಅದರ ನಡುವು ದಿಬ್ಬದಂತೆಯೂ ಅಂಚು ದುಂಡಾಗಿಯೂ ಇರುವುದರಿಂದ ಅಗಲ, ದಪ್ಪಗಳನ್ನು ಬೇರೆ ಬೇರೆ ಅಳೆದು ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಟೇಪನ್ನು ಒಂದು ಪಕ್ಕದ ಕೆಳಅಂಚಿನಿಂದ ಮೇಲೆ ತಂದು, ಹಾಸಿಗೆಯನ್ನು ದಾಟಿಸಿ, ಎದುರು ಪಕ್ಕದ ಕೆಳಅಂಚಿನವರೆಗೆ ಬಿಗಿಯದೆ ಹಾಯಿಸಿರಿ. ತಲೆ, ನಡು, ಕಾಲು ಎಂಬ ಮೂರು ಸ್ಥಳಗಳಲ್ಲಿ ಹೀಗೆ ಅಳೆದು ದೊಡ್ಡ ಅಳತೆಯನ್ನು ಇಟ್ಟುಕೊಳ್ಳಿರಿ. ಉದ್ದವನ್ನೂ ಹೀಗೆಯೇ ಅಳೆಯತಕ್ಕದ್ದು.

ಉದಾಹರಣೆಗೆ ೭೨ ಅಂಗುಲ ಉದ್ದ, ೩೬ ಅಂಗುಲ ಅಗಲ, ೫ ಅಂಗುಲ ದಪ್ಪದ ಸಮತಟ್ಟಾದ ಹಾಸಿಗೆಯನ್ನು ತೆಗೆದುಕೊಳ್ಳೋಣ. ಟೇಪಿನ ಅಳತೆಯು ಅಡ್ಡಕ್ಕೆ ೪೬, ಉದ್ದಕ್ಕೆ ೮೨ ಅಂಗುಲ ಬರುತ್ತದೆ. ಕೆಳಗೆ ಒಳಸೇರಲು ಒಂದೊಂದು ಕಡೆಗೆ ೪ ಅಂಗುಲ, ಅಂಚುಮಡಿಕೆಗೆ ೧ ಅಂಗುಲ ಸೇರಿಸಿರಿ. ಹೀಗೆ ಒಟ್ಟು ಬಟ್ಟೆಯು ೯೨ ಅಂಗುಲ ಉದ್ದ, ೫೬ ಅಂಗುಲ ಅಗಲವಾಯಿತು. ಈ ನಾಲ್ಕು ಅಂಗುಲವನ್ನು ಉಳಿಸಲು ಹೋಗಿ ಒಂದೂವರೆ ಅಂಗುಲಕ್ಕೆ ಇಳಿಸಿದರೆ ಬಟ್ಟೆಯು ಉಳಿಯಿತು, ಹಿಡಿತವು ಹೋಯಿತು.

ಮನೆಯಲ್ಲಿರುವ ೯೦ ಅಂಗುಲ ಉದ್ದ, ೬೦ ಅಂಗುಲ ಅಗಲದ ದುಪ್ಪಟಿಯನ್ನೇ ಉಪಯೋಗಿಸುವುದಾದರೆ ಒಂದು ಎಚ್ಚರಿಕೆ ಬೇಕು. ಉದ್ದದಲ್ಲಿ ಒಂದೊಂದು ಕಡೆಗೆ ಇಳಿಯುವ ಬಟ್ಟೆ ೯ ಅಂಗುಲ, ಅಗಲದಲ್ಲಿ ೧೨ ಅಂಗುಲ. ಇಳಿತವು ನಾಲ್ಕು ಕಡೆಗೂ ಸಮವಾಗಿಲ್ಲದಿದ್ದರೆ ಮೂಲೆಯಲ್ಲಿ ಅಂಚುಗಳು ಕೂಡುವುದಿಲ್ಲ. ಆದಕಾರಣ ಅಗಲವನ್ನು ೫೪ಕ್ಕೆ ಇಳಿಸಿಕೊಳ್ಳಬೇಕು. ಆಗ ಒಳಸೇರುವ ಭಾಗವು ೩ ಅಂಗುಲವಾಗಿ, ತಕ್ಕಮಟ್ಟಿಗೆ ನಿಲ್ಲುತ್ತದೆ.

ಮೂಲೆಯ ಹೊಲಿಗೆ

ಮೊದಲ ಉದಾಹರಣೆಯಲ್ಲಿ ಇಳಿತವು ಅಂಚುಮಡಿಕೆ ಸೇರಿ ೧೦ ಅಂಗುಲ. ಬಟ್ಟೆಯ ಒಳಮೈ ಹೊರಗಾಗುವಂತೆ ಮೂಲೆಯನ್ನು ಓರೆಯಾಗಿ ಮಡಿಸಿ, ಅಕ್ಕಪಕ್ಕದ ಎರಡು ಅಂಚುಗಳನ್ನು ಒಂದರ ಮೇಲೊಂದು ಕೂಡಿಸಿರಿ. ಮೂಲೆಯ ತುದಿಯಿಂದ ಈ ಅಂಚಿನ ಮೇಲೆ ೧೦ ಅಂಗುಲ ಅಳೆದು ಗುರುತು ಹಾಕಿರಿ. ಆ ಗುರುತಿನಿಂದ ಅಂಚಿಗೆ ಲಂಬವಾಗಿ ಓರೆಮಡಿಕೆಯವರೆಗೆ ಗೆರೆಯೆಳೆದರೆ ಅದೂ ೧೦ ಅಂಗುಲವೇ ಬರಬೇಕು. ಬಾರದಿದ್ದರೆ ಮಡಿಕೆಯು ವಕ್ರವಾಗಿದೆಯೆಂದು ತಿಳಿಯಿರಿ. ಈ ಗೆರೆಯ ಮೇಲೆ ಎರಡು ಸಾಲು ಹೊಲಿಗೆ ಹಾಕಿ, ಓರೆಮಡಿಕೆಯನ್ನು ಮುಟ್ಟುವ ತುದಿಯಲ್ಲಿ ಹಿಂದೆ ಮುಂದೆ ಹೊಲಿದು ಭದ್ರಪಡಿಸಿರಿ. ಎಳೆತವೆಲ್ಲಾ ಆ ಬಿಂದುವಿನ ಮೇಲೆಯೇ ಬೀಳುತ್ತದೆ.

ಉಳಿದ ತ್ರಿಕೋನವನ್ನು ಕೂಡಲೇ ಕತ್ತರಿಸಿಹಾಕದಿರುವುದು ಜಾಣತನ. ಅದು ಒಳಗಡೆ ಮಡಿಸಿಕೊಂಡು ಯಾರಿಗೂ ತೊಂದರೆ ಕೊಡದು. ಮುಂದೆ ಬಟ್ಟೆಯು ಇನ್ನಷ್ಟು ಕುಗ್ಗಿದರೆ, ಅಥವಾ ತುಸು ದೊಡ್ಡ ಹಾಸಿಗೆಗೆ ಹಾಕಬೇಕಾದರೆ, ಹೊಲಿಗೆಯನ್ನು ಬಿಚ್ಚಿ ತುದಿಯ ಕಡೆಗೆ ಒಂದಂಗುಲ ಸರಿಸಿ ಹೊಲಿಯಬಹುದು. ನಾಲ್ಕು ಮೂಲೆಗಳಲ್ಲಿಯೂ ಹೀಗೆ ಮಾಡಿದರೆ ಉದ್ದಕ್ಕೂ ಅಗಲಕ್ಕೂ ಎರಡೆರಡು ಅಂಗುಲ ದೊರೆಯುತ್ತದೆ. ಕತ್ತರಿಸಿದ ಬಟ್ಟೆಗೆ ಈ ಅವಕಾಶವಿಲ್ಲ.

ಎಲಾಸ್ಟಿಕ್ಕೋ, ಲಾಡಿಯೋ?

ಈಗ ಬಟ್ಟೆಯು ತಲೆಕೆಳಗಾದ ಪೆಟ್ಟಿಗೆಯಂತಾಯಿತು. ಅದರ ಬಾಯಿಯ ಸುತ್ತಳತೆ ೨೧೬ ಅಂಗುಲ. ಆದರೆ ಬಾಯಂಚು ಹಾಸಿಗೆಯ ಕೆಳಗೆ ಸುತ್ತಲೂ ನಾಲ್ಕಂಗುಲ ಒಳಕ್ಕೆ ಮಲಗಬೇಕಾದರೆ, ಅದು ೬೪ ಅಂಗುಲ ಉದ್ದ, ೨೮ ಅಂಗುಲ ಅಗಲದ ಚೌಕಟ್ಟಾಗಿ ನಿಲ್ಲಬೇಕು. ಅಂದರೆ ಸುತ್ತಳತೆಯು ೧೮೪ಕ್ಕೆ ಇಳಿಯಬೇಕು. ಹೆಚ್ಚಾದ ೩೨ ಅಂಗುಲವನ್ನು ನೆರಿಗೆಯಾಗಿ ಸೇರಿಸುವುದು ಎಲಾಸ್ಟಿಕ್ ಪಟ್ಟಿಯ ಕೆಲಸ. ೧೮೪ ಅಂಗುಲದಲ್ಲಿಯೂ ಆ ಪಟ್ಟಿಗೆ ಇನ್ನೂ ಕುಗ್ಗಬೇಕೆಂಬ ಬಲವಿರಬೇಕು, ಇಲ್ಲವಾದರೆ ಅದು ಹಿಡಿಯಲಾರದು. ಆದುದರಿಂದ ಬಾಯಿಯ ಸುತ್ತಳತೆಯ ಹತ್ತರಲ್ಲಿ ಏಳು ಪಾಲು, ಎಂದರೆ ಸುಮಾರು ೧೫೦ ಅಂಗುಲ, ಅರ್ಧ ಅಂಗುಲ ಅಗಲದ ಪಟ್ಟಿಯು ಸಾಕು. ಪಟ್ಟಿಯನ್ನೂ ಬಾಯಂಚನ್ನೂ ನಾಲ್ಕು ಸಮಭಾಗ ಮಾಡಿ, ಗುರುತಿಗೆ ಗುರುತು ಕೂಡಿಸಿ ಒಂದೊಂದು ಹೊಲಿಗೆ ಹಾಕಿದರೆ ನೆರಿಗೆಯೆಲ್ಲಾ ಒಂದೇ ಕಡೆ ಸೇರದು. ಹಣ ಉಳಿಸಲು ಮೂಲೆಗಳಿಗೆ ಮಾತ್ರ ಎಲಾಸ್ಟಿಕ್ ಇಡುವುದುಂಟು. ಅಂಥ ಬಟ್ಟೆಯು ಉದ್ದದ ಪಕ್ಕಗಳ ನಡುವೆ ಸಡಿಲಾಗಿ ಮೇಲೇರುತ್ತದೆ.

ರಬ್ಬರು ಬಿಸಿಲಿಗೆ, ಕುದಿನೀರಿಗೆ, ಇಸ್ತ್ರಿಗೆ ಬೇಗನೆ ಸೋಲುವ ವಸ್ತು. ಅಂಚುಮಡಿಕೆಯಲ್ಲಿ ಎರಡಂಗುಲ ಬಾಯಿ ಬಿಟ್ಟರೆ ಪಟ್ಟಿ ಸತ್ತಾಗ ಬೇರೊಂದನ್ನು ಪೋಣಿಸಬಹುದು. ಅದೇ ಮಡಿಕೆಯಲ್ಲಿ ಎಲಾಸ್ಟಿಕ್ಕಿಗೆ ಬದಲಾಗಿ ಹತ್ತಿಯ ಲಾಡಿಯನ್ನು ಪೋಣಿಸಿ, ಕಾಲಿನ ಕಡೆಯಲ್ಲಿ ಹೊರತಂದು, ಎಳೆದು ಕಟ್ಟಬಹುದು. ಹತ್ತಿಯ ಹಾಸಿಗೆಯುಳ್ಳವರಿಗೆ ಇದೇ ಉತ್ತಮ. ಹಾಸಿಗೆ ಉಬ್ಬಿದಾಗ ಸಡಿಲಿಸಿ, ಅಮರಿದಾಗ ಬಿಗಿದು, ವರ್ಷಗಟ್ಟಲೆ ಬಳಸಬಹುದು. ಹಾಸಿಗೆಯನ್ನು ಪ್ರತಿದಿನ ಸುತ್ತಿಡುವ ಮನೆಯಲ್ಲಿ ಇಷ್ಟು ಶ್ರಮವೂ ಬೇಡ: ಸಾದಾ ದುಪ್ಪಟಿಯ ಒಂದೊಂದು ಮೂಲೆಯ ಎರಡು ಬದಿಗೂ ಲಾಡಿಯ ತುಂಡು ಹೊಲಿದು, ಹಾಸಿಗೆಯ ಕೆಳಗೆ ಮೂಲೆಗೆ ಅಡ್ಡವಾಗಿ ಕಟ್ಟಿದರೆ ಸಾಕು.

ಕೆಲವು ಎಚ್ಚರಿಕೆಗಳು

ಬಿಗಿಯು ಅತಿಯಾಗಲೂಬಾರದು. ತೆಳುವಾದ ಫೋಮಿನ ಹಾಸಿಗೆಯ ಮೂಲೆಗಳು ಮೇಲಕ್ಕೆ ಬಾಗಿದ್ದರೆ ಬಟ್ಟೆಯು ಚಿಕ್ಕದೆಂದು ತಿಳಿಯಿರಿ. ಹುಣ್ಣಾಗದಂತೆ ರೋಗಿಗೆ ಕೊಟ್ಟ ಗಾಳಿಯ ಹಾಸಿಗೆಯ ಮೇಲೆ ಬಟ್ಟೆಯನ್ನು ಡೋಲಿನ ಚರ್ಮದಂತೆ ಬಿಗಿದರೆ ದೇಹವು ಹಾಸಿಗೆಯೊಳಕ್ಕೆ ಇಳಿಯಲಾರದೆ, ಆ ಹಾಸಿಗೆಯ ಉಪಯೋಗವೇ ಕೆಡುತ್ತದೆ. ಅಲ್ಲಿ ಸುಕ್ಕಿಲ್ಲದಷ್ಟು ಬಿಗಿ ಸಾಕು.

ಹಸುಳೆಯ ಹಾಸಿಗೆಯು ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇದ್ದು, ಅದರ ಮೇಲೆ ಸರಿಯಾಗಿ ಕೂತ ಅಳತೆಯ ಹಾಸುಬಟ್ಟೆಯ ಹೊರತು ದಿಂಬು, ರಜಾಯಿ, ಮೆತ್ತನೆಯ ಬೊಂಬೆ ಯಾವುದೂ ಇರಬಾರದೆಂಬುದು ಇಂದಿನ ಮಕ್ಕಳ ವೈದ್ಯರ ಉಪದೇಶ. ಅಲ್ಲಿ ಲಾಡಿಯು ಸರ್ವಥಾ ಕೂಡದು. ದಾರವು ಕೊರಳಿಗೆ ಸುತ್ತಿಕೊಳ್ಳುವ ಭಯವಿದೆ. ತಾಯಿಯು ಮಗುವನ್ನು ಮಲಗಿಸುವ ಮೊದಲು ಒಂದೊಂದು ಮೂಲೆಯನ್ನೂ ಕೈಯಿಂದ ಮೇಲಕ್ಕೆಳೆದು ನೋಡಲಿ. ಸಾಧಾರಣ ಎಳೆತಕ್ಕೆ ಕಳಚುವ ಬಟ್ಟೆಯನ್ನು ಎಷ್ಟೇ ಚೆಲುವಾಗಿದ್ದರೂ ಆ ಹಾಸಿಗೆಗೆ ಹಾಕಬಾರದು.

ದೊಡ್ಡವರ ಹಾಸಿಗೆಗೂ ಇದೇ ಪರೀಕ್ಷೆ. ಹೊಸ ಬಟ್ಟೆಯನ್ನು ಹಾಕಿ ಒಬ್ಬರು ಅಂಚಿನಲ್ಲಿ ಕುಳಿತೇಳಲಿ, ನಡುವೆ ಮಲಗಿ ನಾಲ್ಕಾರು ಸಲ ಹೊರಳಲಿ. ಅನಂತರ ನಾಲ್ಕು ಮೂಲೆಗಳನ್ನೂ ಎತ್ತಿ ಕೆಳಗೆ ಎಷ್ಟಂಗುಲ ಬಟ್ಟೆ ಉಳಿದಿದೆಯೆಂದು ಅಳೆಯಿರಿ. ಮೂರು ಒಗೆತಗಳಾದ ಮೇಲೆ ಇನ್ನೊಮ್ಮೆ ಅಳೆಯಿರಿ. ಎರಡಂಗುಲಕ್ಕಿಂತ ಕಡಿಮೆಯಾಗಿದ್ದರೆ ಹೊಲಿಗೆಯನ್ನು ಬಿಚ್ಚಿ ಸರಿಪಡಿಸುವ ಕಾಲ ಬಂದಿತೆಂದು ತಿಳಿಯಿರಿ.

ಮನೆಯಲ್ಲಿ ಹಾಸಿಗೆಗಳನ್ನು ಸರಿಪಡಿಸುವವರು ಸಾಮಾನ್ಯವಾಗಿ ಒಬ್ಬರೇ. ಪ್ರತಿದಿನ ಭಾರವಾದ ಹಾಸಿಗೆಯ ನಾಲ್ಕು ಮೂಲೆಗಳನ್ನೂ ಬಗ್ಗಿ ಎತ್ತುವ ಅವರ ಬೆನ್ನಿನ ನೋವನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ಒಂದು ಮಧ್ಯಾಹ್ನದ ಹೊಲಿಗೆಯು ಅವರಿಗೆ ಅನೇಕ ವರ್ಷಗಳ ಬೆಳಗಿನ ಶ್ರಮವನ್ನು ಕಡಮೆ ಮಾಡಬಲ್ಲದು. ತಾಯಂದಿರು ಮುಂಬರುವ ರಜೆಯಲ್ಲಿ ಟೇಪನ್ನು ಮಕ್ಕಳ ಕೈಗೆ ಕೊಟ್ಟು, ಹೆಣ್ಣುಮಕ್ಕಳು ಗಂಡುಮಕ್ಕಳು ಎಂಬ ಭೇದವಿಲ್ಲದೆ, ಅವರವರ ಹಾಸಿಗೆಯನ್ನು ಅವರವರಿಂದಲೇ ಅಳೆಯಿಸಲಿ. ಗಣಿತದ ಪುಸ್ತಕದಲ್ಲಿ ಬೇಸರ ತಂದ ಸುತ್ತಳತೆಯ ಲೆಕ್ಕವು ಅಲ್ಲಿ ತಾನಾಗಿಯೇ ತಿಳಿಯುವುದು. ರಾತ್ರಿಯ ನಿದ್ರೆಯೂ ಚೆನ್ನಾಗಿ ಬರುವುದು.