ಹೊಸ ಕಂಪ್ಯೂಟರ್ ಹಠ ಮಾಡಿದರೆ?



ನಮ್ಮಣ್ಣ ಎರಡು ವರ್ಷ ಕೂಡಿಟ್ಟ ದುಡ್ಡಲ್ಲಿ ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದ. ಫ್ಯಾನ್ ತಿರುಗಿತು, ಪರದೆಯೂ ಬೆಳಗಿತು. ಆದರೆ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಲು ಹೋದರೆ ಒಮ್ಮೆ ಅರ್ಧಕ್ಕೆ, ಇನ್ನೊಮ್ಮೆ ಮುಕ್ಕಾಲಿಗೆ ನಿಂತುಹೋಗುತ್ತಿತ್ತು. "ದುಡ್ಡೆಲ್ಲಾ ನೀರಲ್ಲಿ ಹೋಮ ಮಾಡಿದಂಗಾಯ್ತು" ಅಂತ ಅವ್ವ ಬೇಜಾರು ಮಾಡಿಕೊಂಡಳು.

ವಿಂಡೋಸ್ ಒಂದು ಆಪರೇಟಿಂಗ್ ಸಿಸ್ಟಂ. ಅಂದರೆ ಕಂಪ್ಯೂಟರಿನ ಎಲ್ಲಾ ಭಾಗಗಳಿಂದ ಕೆಲಸ ಮಾಡಿಸುವ ಮೂಲ ತಂತ್ರಾಂಶ. ಅದನ್ನು ಹಾಕುವಾಗ ಕಡತಗಳು ಮೊದಲು ರ‍್ಯಾಮ್ ಎಂಬ ತಾತ್ಕಾಲಿಕ ನೆನಪಿಗೆ ಬಂದು, ಆಮೇಲೆ ಡಿಸ್ಕಿಗೆ ಹೋಗುತ್ತವೆ. ರ‍್ಯಾಮ್ ಕೆಟ್ಟಿದ್ದರೆ ಕಡತವೂ ಕೆಡುತ್ತದೆ.

ಅಣ್ಣ ಮಾಡಿದ ಪರೀಕ್ಷೆ:

1. ಪೆನ್‌ಡ್ರೈವ್ ಬದಲಿಸಿದ. ಸರಿಹೋಗಲಿಲ್ಲ.

2. ಪ್ಲಗ್ ಕಿತ್ತು, ಎರಡು ರ‍್ಯಾಮ್‌ಗಳಲ್ಲಿ ಒಂದನ್ನು ತೆಗೆದ. ಆಗಲೂ ನಿಂತಿತು.

3. ಮತ್ತೆ ಪ್ಲಗ್ ಕಿತ್ತು, ಉಳಿದದ್ದನ್ನು ತೆಗೆದು, ಅದೇ ಜಾಗದಲ್ಲಿ ಇನ್ನೊಂದನ್ನು ಕೂರಿಸಿದ. ವಿಂಡೋಸ್ ಪೂರ್ತಿ ಆಯಿತು!

ಜಾಗ ಅದೇ, ರ‍್ಯಾಮ್ ಬೇರೆ. ಹಾಗಾದರೆ ತಪ್ಪು ಯಾರದು? ನೀವೇ ಹೇಳಿ. ಕೊನೆಗೆ ಮೆಮ್‌ಟೆಸ್ಟ್ ಎಂಬ ತಂತ್ರಾಂಶದಿಂದ ಪರೀಕ್ಷಿಸಿದಾಗಲೂ ಆ ರ‍್ಯಾಮ್ ತಪ್ಪು ತೋರಿಸಿತು. ಗ್ಯಾರಂಟಿ ಇತ್ತು, ಅಂಗಡಿಯವರು ಬೇರೆ ಕೊಟ್ಟರು. ಅವ್ವ ನಕ್ಕಳು.

ನೆನಪಿಡಿ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತು ಅಂತ ಗೊತ್ತೇ ಆಗುವುದಿಲ್ಲ. ಒಳಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳುವುದನ್ನು ಮರೆಯಬೇಡಿ.

— 7ನೇ ತರಗತಿ