ಸಕ್ಕರೆ ಕಾಯಿಲೆಯೇ? ದಿನಕ್ಕೊಮ್ಮೆ ಅಂಗಾಲು ನೋಡಿ

ಅಂಗಾಲಿಗೆ ಮುಳ್ಳು ಚುಚ್ಚಿದರೆ ಯೋಚನೆಗೆ ಮೊದಲೇ ಕಾಲು ಮೇಲೇಳುತ್ತದೆ. ಸಕ್ಕರೆ ಕಾಯಿಲೆ ಹಲವು ವರ್ಷ ಹತೋಟಿ ತಪ್ಪಿದವರಲ್ಲಿ ಈ ಎಚ್ಚರ ಮೆಲ್ಲಗೆ ಮಂಕಾಗುತ್ತದೆ. ಮುಳ್ಳು ಒಳಗೇ ಮುರಿದು ಕೂತಿದ್ದರೂ ತೋಟದ ಕೆಲಸ ಮುಗಿಸಿ, ಊಟ ಮಾಡಿ ಮಲಗಿಬಿಡುತ್ತಾರೆ. ವಾರದ ನಂತರ ವಾಸನೆ ಬಂದಾಗಲೋ ಚಾಪೆಗೆ ಕೀವು ಅಂಟಿದಾಗಲೋ ಮನೆಯವರಿಗೆ ಗೊತ್ತಾಗುತ್ತದೆ. ಬೆರಳು, ಪಾದ ಕತ್ತರಿಸಬೇಕಾಗಿ ಬರುವ ಎಷ್ಟೋ ಸಂದರ್ಭಗಳ ಮೂಲ ಇಂಥ ಸಣ್ಣ ಗಾಯವೇ. ಅದನ್ನು ಮೊದಲ ದಿನವೇ ಹಿಡಿಯಲು ಐದು ನಿಮಿಷ ಸಾಕು.

ಕಾಲ್ಬೆರಳ ತುದಿಯವರೆಗೆ ಹೋಗುವ ನರಗಳು ದೇಹದಲ್ಲೇ ಅತಿ ಉದ್ದದವು. ಹಾಗಾಗಿ ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಮೊದಲು ಪೆಟ್ಟು ತಿನ್ನುವುದು ಅವೇ. ಸ್ಪರ್ಶದ ನರ ಸೋತರೆ ಜೋಮು, ಉರಿ, ಕೊನೆಗೆ ಏನೂ ತಿಳಿಯದ ಸ್ಥಿತಿ. ಕೆಲವರಿಗೆ ಜೋಮು, ಉರಿ ಯಾವುದೂ ಕಾಣಿಸದೆ ನೇರವಾಗಿ ಸ್ಪರ್ಶವೇ ಹೋಗಿರುತ್ತದೆ. ಬೆವರಿನ ನರ ಸೋತರೆ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಸ್ನಾಯುಗಳ ನರ ಸೋತರೆ ಬೆರಳುಗಳು ಕೊಕ್ಕೆಯಂತೆ ಬಾಗಿ, ನಡೆಯುವಾಗ ಭಾರವೆಲ್ಲ ಮುಂಗಾಲಿನ ಒಂದೇ ಜಾಗಕ್ಕೆ ಬೀಳುತ್ತದೆ, ಅಲ್ಲಿ ಆಣಿಯಾಗುತ್ತದೆ. ಇದರ ಜೊತೆಗೆ ರಕ್ತನಾಳವೂ ಕಿರಿದಾದರೆ ಆದ ಗಾಯ ಮಾಯುವುದಿಲ್ಲ. ಬೀಡಿ, ಸಿಗರೇಟು ಈ ನಾಳಗಳನ್ನು ಇನ್ನಷ್ಟು ಕೆಡಿಸುತ್ತವೆ.

ನೋವು ನಮ್ಮ ಕಾವಲುಗಾರ ಎಂಬುದನ್ನು ಬಲವಾಗಿ ತೋರಿಸಿಕೊಟ್ಟವರು ಪಾಲ್ ಬ್ರ್ಯಾಂಡ್. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯರು ಅವರು. ಕುಷ್ಠರೋಗಿಗಳ ಬೆರಳು ಸವೆಯುವುದು ನೋವು ತಿಳಿಯದೆ ದಿನವೂ ಆಗುವ ಗಾಯಗಳಿಂದ ಎಂದು ಅವರು ಕಂಡುಕೊಂಡರು. ರಾತ್ರಿ ನಿದ್ದೆಯಲ್ಲಿದ್ದ ರೋಗಿಗಳ ಬೆರಳನ್ನು ಇಲಿಗಳು ಕಡಿಯುತ್ತಿದ್ದವು, ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅದಕ್ಕಾಗಿ ಅಲ್ಲಿ ರೋಗಿಗಳಿಗೆ ಬೆಕ್ಕು ಕೊಟ್ಟರು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಕಾಲಿಗೂ ಇದೇ ಅಪಾಯವಿದೆ. ಕಾಲು ಹೇಳಲಾರದ್ದನ್ನು ಕಣ್ಣು ನೋಡಿ ತಿಳಿಯಬೇಕು.

ನೋಡುವ ಕ್ರಮ

ರಾತ್ರಿ ಮಲಗುವ ಮುಂಚೆ ಚೆನ್ನಾಗಿ ಬೆಳಕಿರುವಲ್ಲಿ ಕುಳಿತುಕೊಳ್ಳಿ. ಮೊದಲು ಪಾದದ ಮೇಲ್ಭಾಗ, ಆಮೇಲೆ ಒಂದೊಂದೇ ಬೆರಳು ಬಿಡಿಸಿ ಸಂದು, ಕೊನೆಗೆ ಅಂಗಾಲು ಮತ್ತು ಹಿಮ್ಮಡಿ. ಕಾಲು ಮಡಚಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಿರಿ. ಕಣ್ಣು ಮಂದವಾಗಿದ್ದರೆ ಮಗಳೋ ಸೊಸೆಯೋ ಮೊಮ್ಮಗನೋ ನೋಡಲಿ. ಹಿರಿಯರು ಇದಕ್ಕೆ ಸಂಕೋಚಪಡುವುದು ಬೇಡ. ಬೊಬ್ಬೆ, ಬಿರುಕು, ಬಣ್ಣ ಬದಲಾದ ಚರ್ಮ, ಬೆರಳ ಸಂದಿನ ಬಿಳಿ ಹುಣ್ಣು ಇವೆಯೇ ನೋಡಿ. ಹೆಂಗಸರು ಕಾಲುಂಗುರ ಸರಿಸಿ ಅದರ ಕೆಳಗೂ ನೋಡಬೇಕು. ಪಾದ ಊದಿದಾಗ ಅದು ಚರ್ಮ ಕೊರೆಯುತ್ತಿದ್ದರೂ ತಿಳಿಯದು, ಬಿಗಿಯಾಗಿದ್ದರೆ ತೆಗೆದಿಡುವುದೇ ಸರಿ. ಆಣಿಯ ಮಧ್ಯೆ ಕಪ್ಪು ಚುಕ್ಕೆ ಕಂಡರೆ ಅದನ್ನು ಕೊಳೆ ಎಂದು ಉಜ್ಜಬೇಡಿ. ಒಳಗೆ ರಕ್ತ ಒಸರಿರಬಹುದು, ಕೆಳಗೆ ಹುಣ್ಣಿರಬಹುದು.

ತಿಂಗಳಿಗೊಮ್ಮೆ ಸ್ಪರ್ಶವನ್ನೂ ಪರೀಕ್ಷಿಸಿ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ ಈ ವಿಧಾನಕ್ಕೆ ಉಪಕರಣ ಬೇಕಿಲ್ಲ. ಕಣ್ಣು ಮುಚ್ಚಿ ಮಲಗಿದವರ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಮನೆಯವರು ತಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಎಡವೋ ಬಲವೋ ಎಂದು ಮಲಗಿದವರು ಹೇಳುತ್ತಾರೆ. ಎರಡೂ ಕಾಲು ಸೇರಿ ಆರು ಬೆರಳಲ್ಲಿ ಎರಡೋ ಹೆಚ್ಚೋ ತಿಳಿಯದಿದ್ದರೆ ಸ್ಪರ್ಶ ಕುಂದಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ.

ತೊಳೆಯುವುದು, ಒರೆಸುವುದು, ಉಗುರು

ಸ್ನಾನದ ಬಿಸಿನೀರಿಗೆ ಪಾದ ಇಡುವ ಮುಂಚೆ ಮೊಣಕೈ ಅದ್ದಿ ನೋಡಿ. ಸ್ಪರ್ಶ ಹೋದ ಕಾಲಿಗೆ ಬಿಸಿನೀರಿನ ಚೀಲ, ಕೆಂಡದ ಕಾವು ಖಂಡಿತ ಬೇಡ. ತೊಳೆದ ಮೇಲೆ ಬೆರಳ ಸಂದುಗಳನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಅಂಗಾಲು, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು. ಸಂದುಗಳಿಗೆ ಬೇಡ, ಅಲ್ಲಿ ತೇವ ನಿಂತರೆ ಶಿಲೀಂಧ್ರ ಬೆಳೆಯುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಅಗೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಹೆರೆಯುವ ಅಭ್ಯಾಸ ಹಳ್ಳಿ, ಪೇಟೆ ಎರಡರಲ್ಲೂ ಇದೆ. ದಯವಿಟ್ಟು ನಿಲ್ಲಿಸಿ. ಔಷಧದಂಗಡಿಯ ಆಣಿ ಪಟ್ಟಿಯಲ್ಲಿ ಚರ್ಮ ಕರಗಿಸುವ ಆಮ್ಲವಿರುತ್ತದೆ, ಅದೂ ಬೇಡ.

ಚಪ್ಪಲಿ

ಹವಾಯಿ ಚಪ್ಪಲಿಯ ಪಟ್ಟಿ ಬೆರಳ ಸಂದನ್ನು ಉಜ್ಜುತ್ತದೆ. ಕಾಲಿನಿಂದ ಜಾರಿಬಿದ್ದರೂ ಕೆಲವರಿಗೆ ಗೊತ್ತಾಗುವುದಿಲ್ಲ. ಹಿಂದೆ ಪಟ್ಟಿಯಿರುವ, ಒಳಗೆ ಮೆತ್ತನೆಯ ಎಂಸಿಆರ್ ರಬ್ಬರ್ ಹಾಸಿರುವ ಚಪ್ಪಲಿ ಒಳ್ಳೆಯದು. ಸಂಜೆಗೆ ಪಾದ ಸ್ವಲ್ಪ ಊದಿರುವುದರಿಂದ ಆ ಹೊತ್ತಿಗೆ ಹೋಗಿ ಕೊಳ್ಳಿ. ಹಾಕಿಕೊಳ್ಳುವ ಮುಂಚೆ ಒಳಗೆ ಕೈಯಾಡಿಸಿ: ಕಲ್ಲಿನ ಚೂರು, ಎದ್ದ ಮೊಳೆ ಸಿಗಬಹುದು. ಮನೆಯೊಳಗೂ ಬರಿಗಾಲು ಬೇಡ. ಮಧ್ಯಾಹ್ನದ ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸು ಅಂಗಾಲನ್ನು ಸುಟ್ಟರೂ ಪ್ರದಕ್ಷಿಣೆ ಮುಗಿಯುವವರೆಗೆ ತಿಳಿಯದಿರಬಹುದು. ಬೆಳಿಗ್ಗೆ ಬೇಗ ಹೋಗಿ, ದಪ್ಪ ಕಾಲುಚೀಲ ಧರಿಸಿ.

ಅದೇ ದಿನ ಆಸ್ಪತ್ರೆಗೆ

ಯಾವ ತೊಂದರೆಯೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ವೈದ್ಯರ ಮುಂದೆ ಚಪ್ಪಲಿ, ಕಾಲುಚೀಲ ಕಳಚಿ ಪಾದದ ನಾಡಿ, ಸ್ಪರ್ಶ ಎರಡನ್ನೂ ನೋಡಲು ಕೇಳಿ. ತಾಲ್ಲೂಕು ಆಸ್ಪತ್ರೆಯಲ್ಲೂ ಇದನ್ನು ಕೇಳಬಹುದು. ಆದರೆ ಕೀವು, ದುರ್ವಾಸನೆ, ಗಾಯದ ಸುತ್ತ ಹರಡುವ ಕೆಂಪು, ಕಪ್ಪಾಗುವ ಬೆರಳು, ಗಾಯದ ಜೊತೆ ಚಳಿಜ್ವರ – ಇವಕ್ಕೆ ಅರಿಶಿನ ಮೆತ್ತಿ ಕಾಯುವ ಹಾಗಿಲ್ಲ.

ಇನ್ನೊಂದು ಲಕ್ಷಣವನ್ನು ಬಹಳ ಜನ ಉಳುಕು ಎಂದುಕೊಳ್ಳುತ್ತಾರೆ. ಒಂದು ಪಾದ ಮಾತ್ರ ಊದಿ ಕೆಂಪಾಗಿರುತ್ತದೆ. ಗಾಯವಿಲ್ಲ, ನೋವೂ ಅಷ್ಟಿಲ್ಲ. ಮುಂಗೈ ಹಿಂಭಾಗ ಇಟ್ಟು ಎರಡೂ ಪಾದ ಹೋಲಿಸಿದರೆ ಊದಿದ್ದು ಬೆಚ್ಚಗಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಶಾರ್ಕೋ ಪಾದ ಇರಬಹುದು. ಒಳಗಿನ ಮೂಳೆಗಳು ಸಡಿಲಾಗಿ ಮುರಿಯುತ್ತಿದ್ದರೂ ಅವರು ನಡೆಯುತ್ತಲೇ ಇರುತ್ತಾರೆ. ಎಣ್ಣೆ ಹಚ್ಚಿ ನೀವಿಸಬೇಡಿ, ಆ ಕಾಲಿನ ಮೇಲೆ ಭಾರ ಹಾಕಬೇಡಿ, ಆಟೋದಲ್ಲಾಗಲಿ ಯಾರದಾದರೂ ಬೈಕಿನಲ್ಲಾಗಲಿ ಕೂರಿಸಿಕೊಂಡು ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.